ಖೋ ಕೊಡುವುದು ನನ್ನ ಕೆಲಸವಲ್ಲ

ಸಹೋದರಿಯರೇ, ನಿಮ್ಮ ಮಗನೋ ಮಗಳೋ ಶಾಲೆಯ ಪಂದ್ಯದಲ್ಲಿ ಆಡುವುದನ್ನು ಮೈದಾನದ ಅಂಚಿನಲ್ಲಿ ನಿಂತು ನೀವು ಎಂದಾದರೂ ನೋಡಿದ್ದೀರಾ? ನೋಡಿದ್ದರೆ ಒಂದು ಪ್ರಶ್ನೆ ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಆ ಹೊತ್ತಿನಲ್ಲಿ ನಿಮ್ಮ ಕಣ್ಣು ಮಗುವಿನ ಮೇಲಿತ್ತೋ, ಅಂಕದ ಮೇಲಿತ್ತೋ? ನಿಮಗೆ ಕೇಳುವ ಮೊದಲು ಈ ಪ್ರಶ್ನೆಯನ್ನು ನಾನು ನನಗೇ ಕೇಳಿಕೊಂಡಿದ್ದೇನೆ. ಸಿಕ್ಕ ಉತ್ತರದಿಂದ ನನಗೆ ಸಂತೋಷವಾಗಲಿಲ್ಲ. ಅದನ್ನೇ ಇಲ್ಲಿ ನಿಮ್ಮ ಮುಂದೆ ಹೇಳುತ್ತಿದ್ದೇನೆ.

ನಮ್ಮ ಊರು ಗೋಕಾಕ ತಾಲೂಕಿನ ಧುಪದಾಳ. ಘಟಪ್ರಭಾ ನದಿಗೆ ಬ್ರಿಟಿಷರ ಕಾಲದಲ್ಲಿ ಕಟ್ಟಿದ ಒಡ್ಡು ನಮ್ಮೂರಿನ ಗುರುತು. ಆ ಹಿನ್ನೀರಿನ ಪ್ರದೇಶ 1974ರಿಂದ ಪಕ್ಷಿಧಾಮ. ಚಳಿಗಾಲ ಬಂತೆಂದರೆ ದೂರದ ದೇಶಗಳ ಹಕ್ಕಿಗಳು ಇಲ್ಲಿಗೆ ಬರುತ್ತವೆ. ನಾನು ಮದ್ರಸಾದಲ್ಲಿ ಕಲಿತವಳು. ಮದುವೆಯಾದ ಮೇಲೆ ಮನೆಯಲ್ಲಿ ಕುಳಿತೇ ಬಿ.ಎ. ಮುಗಿಸಿದೆ. ಹಗಲು ಒಂದು ಶಾಲೆಯಲ್ಲಿ ಪಾಠ ಮಾಡುತ್ತೇನೆ, ಸಂಜೆ ಓಣಿಯ ಮಕ್ಕಳಿಗೆ ಕುರ್‌ಆನ್ ಓದಿಸುತ್ತೇನೆ. ಎಷ್ಟೇ ತುಂಟ ಮಕ್ಕಳಿದ್ದರೂ ಧ್ವನಿ ಏರಿಸದವಳು ಎಂದು ಊರಲ್ಲಿ ನನಗೊಂದು ಹೆಸರಿದೆ. ಆ ಹೆಸರು ಮೈದಾನದ ಅಂಚಿನಲ್ಲಿ ಎಷ್ಟು ಹೊತ್ತು ಉಳಿಯಿತು ಎಂಬುದನ್ನು ಮುಂದೆ ಓದಿ.

ನನ್ನ ಎರಡನೆಯ ಮಗಳಿಗೆ ಹನ್ನೆರಡು ವರ್ಷ. ಅವಳ ಶಾಲೆಯ ಹುಡುಗಿಯರು ಖೋ ಖೋ ಆಡುತ್ತಾರೆ. ನಮ್ಮ ಭಾಗದ ಶಾಲೆಗಳಿಗೆ ಇದು ಹೇಳಿ ಮಾಡಿಸಿದ ಆಟ. ಬ್ಯಾಟು ಬೇಡ, ಬಲೆ ಬೇಡ. ಎರಡು ಕಂಬ, ಒಂದಿಷ್ಟು ಸುಣ್ಣದ ಪುಡಿ, ಕಲ್ಲು ಆರಿಸಿದ ನೆಲ ಇದ್ದರೆ ಸಾಕು. ನಿಮ್ಮಲ್ಲಿ ಹಲವರು ಬಾಲ್ಯದಲ್ಲಿ ಆಡಿಯೇ ಇರುತ್ತೀರಿ. ಒಂಬತ್ತು ಮಂದಿಯಲ್ಲಿ ಎಂಟು ಮಂದಿ ನಡುಗೆರೆಯ ಮೇಲೆ ಒಬ್ಬರು ಈ ಕಡೆ, ಒಬ್ಬರು ಆ ಕಡೆ ಮುಖ ಮಾಡಿ ಕೂರುತ್ತಾರೆ. ಒಂಬತ್ತನೆಯವಳು ಎದುರು ತಂಡದವರನ್ನು ಅಟ್ಟುತ್ತಾಳೆ. ಅವಳು ನಡುಗೆರೆ ದಾಟುವಂತಿಲ್ಲ, ಓಡುತ್ತಿರುವ ದಿಕ್ಕನ್ನು ಬದಲಿಸುವಂತಿಲ್ಲ. ಆದ್ದರಿಂದ ಕುಳಿತವಳ ಬೆನ್ನು ಮುಟ್ಟಿ 'ಖೋ' ಎಂದು ಹೇಳಿ ತನ್ನ ಓಟವನ್ನು ಅವಳಿಗೆ ಒಪ್ಪಿಸಬೇಕು. ಕುಳಿತವಳು ಬೆನ್ನ ಮೇಲೆ ಕೈ ಬೀಳುವವರೆಗೆ, ಕಿವಿಗೆ ಖೋ ಬೀಳುವವರೆಗೆ ಏಳಬಾರದು. ಎದ್ದರೆ ಫೌಲ್. ಈ ಕೊನೆಯ ನಿಯಮವನ್ನು ದಯವಿಟ್ಟು ನೆನಪಿಡಿ.

ಮಗಳು ತಂಡ ಸೇರಿದಾಗ ಮನೆಯಲ್ಲಿ ಮಾತು ಎದ್ದಿತು. "ಹುಡುಗಿ ದೊಡ್ಡವಳಾಗುತ್ತಿದ್ದಾಳೆ, ಇನ್ನು ಮೈದಾನ ಯಾಕೆ?" ಎಂದರು ಅತ್ತೆ. ನಾದಿನಿಯರೂ ದನಿಗೂಡಿಸಿದರು. ನಾನು ಬಿಡಲಿಲ್ಲ. ಪ್ರಯಾಣವೊಂದರಲ್ಲಿ ಪ್ರವಾದಿವರ್ಯರು(ಸ) ತಮ್ಮ ಪತ್ನಿ ಆಯಿಶಾರೊಂದಿಗೆ(ರ) ಓಟದ ಪಂದ್ಯ ಕಟ್ಟಿದ್ದನ್ನು, ಮೊದಲ ಸಲ ಆಯಿಶಾ(ರ) ಗೆದ್ದದ್ದನ್ನು, ಕೆಲ ಕಾಲದ ನಂತರ ಮತ್ತೆ ಓಡಿದಾಗ ಪ್ರವಾದಿವರ್ಯರು(ಸ) ಗೆದ್ದು, ಅಂದಿನದಕ್ಕೆ ಇದು ಸಮವಾಯಿತು ಎಂದದ್ದನ್ನು ಹೇಳಿದೆ. ಪೂರ್ತಿ ತೋಳಿನ ಅಂಗಿ, ಟ್ರ್ಯಾಕ್ ಪ್ಯಾಂಟ್, ಪಿನ್ ಹಾಕಿದ ಸ್ಕಾರ್ಫ್‌ನಲ್ಲಿ ಆಡುತ್ತಾಳೆ ಎಂದೆ. ಅತ್ತೆ ಸುಮ್ಮನಾದರು. ನಮ್ಮ ಯಜಮಾನರು ಮೊದಲೇ ಒಪ್ಪಿದ್ದರು.

ವಾದದಲ್ಲಿ ನಾನು ಗೆದ್ದೆ. ಆದರೆ ವಾದ ಗೆದ್ದವರಿಗೆ ಒಂದು ರೋಗ ಅಂಟುತ್ತದೆ. ಗೆದ್ದದ್ದನ್ನು ಎಲ್ಲರಿಗೂ ಸಾಬೀತು ಮಾಡಿ ತೋರಿಸಬೇಕೆಂಬ ರೋಗ. ಮಗಳು ಆಡಿದರೆ ಸಾಲದು, ಗೆದ್ದು ಬರಬೇಕು ಎನ್ನಿಸತೊಡಗಿತು. ಕಪಾಟಿನ ಮೇಲೆ ಒಂದು ಕಪ್ ಇದ್ದರೆ ಯಾರೂ ಬಾಯಿ ತೆರೆಯುವುದಿಲ್ಲ ಅಲ್ಲವೇ?

2025ರ ಜನವರಿಯಲ್ಲಿ ದಿಲ್ಲಿಯಲ್ಲಿ ಖೋ ಖೋ ಆಟದ ಮೊದಲ ವಿಶ್ವಕಪ್ ನಡೆಯಿತು. 19ರಂದು ನಡೆದ ಫೈನಲ್‌ನಲ್ಲಿ ನಮ್ಮ ಮಹಿಳೆಯರು ನೇಪಾಳವನ್ನು 78-40 ಅಂಕಗಳಿಂದ ಸೋಲಿಸಿದರು. ಆ ತಂಡದಲ್ಲಿದ್ದ ಬಿ. ಚೈತ್ರಾ ಮೈಸೂರು ಜಿಲ್ಲೆ ತಿ. ನರಸೀಪುರ ತಾಲೂಕಿನ ಕುರುಬೂರಿನವರು. ಹಳ್ಳಿಯ ಹುಡುಗಿ ಎಂಬ ಮಾತು ನನ್ನ ತಲೆಯಲ್ಲಿ ಕುಳಿತುಬಿಟ್ಟಿತು. ಮಗಳಿಗೆ ಬೆಳಿಗ್ಗೆ ನೆನೆಸಿದ ಬಾದಾಮಿ, ಸಂಜೆ ಅಂಗಳದಲ್ಲಿ ಓಟ, ಕೈಯಲ್ಲಿ ಮೊಬೈಲ್ ಹಿಡಿದು ಸಮಯ ಲೆಕ್ಕ ಹಾಕುವ ನಾನು. ಗೆದ್ದರೆ ಗೋಕಾಕದ ಕರದಂಟು ತರುತ್ತೇನೆ ಎಂದು ಆಸೆ ಹಚ್ಚಿದೆ. ಅವಳು ನಗುತ್ತಾ ಓಡುತ್ತಿದ್ದಳು. ಆ ನಗು ಯಾವಾಗ ಕಡಿಮೆಯಾಯಿತೋ ನಾನು ಗಮನಿಸಲಿಲ್ಲ. ಗಮನವೆಲ್ಲ ಸೆಕೆಂಡುಗಳ ಮೇಲಿತ್ತು.

ಅದೇ ವರ್ಷದ ಮಳೆಗಾಲದಲ್ಲಿ ಪಂದ್ಯ ಬಂತು. ಹಿಂದಿನ ರಾತ್ರಿ ಸುರಿದ ಮಳೆಗೆ ಮೈದಾನ ಇನ್ನೂ ಹಸಿಯಾಗಿತ್ತು. ನಾನು ರಜೆ ಹಾಕಿ, ಡಬ್ಬಿಯಲ್ಲಿ ಊಟ ಕಟ್ಟಿಕೊಂಡು ಹೋಗಿ ಹಗ್ಗದ ಪಕ್ಕದಲ್ಲೇ ನಿಂತೆ. ಕೊನೆಯ ಪಾಳಿಯಲ್ಲಿ ನಮ್ಮ ಹುಡುಗಿಯರು ಅಟ್ಟುತ್ತಿದ್ದರು. ಸಮವಾಗಲು ಒಂದೇ ಅಂಕ ಬೇಕು. ಉಳಿದದ್ದು ಒಂದು ನಿಮಿಷಕ್ಕೂ ಕಡಿಮೆ. ಎದುರು ತಂಡದ ಹುಡುಗಿ ಜಾರುತ್ತ ಬಂದು ಸರಿಯಾಗಿ ನನ್ನ ಮಗಳ ಮುಂದೆ ತಡವರಿಸಿದಳು. ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಅಟ್ಟುವವಳು ಇನ್ನೂ ಎರಡು ಹೆಜ್ಜೆ ಹಿಂದಿದ್ದಳು.

"ಉಠ್! ಪಕಡ್!" ಎಂದು ನಾನು ಕಿರುಚಿದೆ.

ಸಹೋದರಿಯರೇ, ದಿನವೂ ಫಜ್ರ್ ನಮಾಝಿಗೆ ಅವಳನ್ನು ಎಬ್ಬಿಸುವುದು ಇದೇ ಧ್ವನಿ, ಇದೇ 'ಉಠ್'. ಆ ಧ್ವನಿಗೆ ಎದ್ದೇಳುವುದನ್ನು ನಾನೇ ಅವಳಿಗೆ ಕಲಿಸಿದ್ದೇನೆ. ಅವಳು ಎದ್ದಳು. ಸೀಟಿ ಊದಿತು. ಫೌಲ್! ಅಟ್ಟುವವಳು ಹಿಂದಕ್ಕೆ ತಿರುಗಬೇಕಾಯಿತು, ಎದುರಾಳಿ ನುಣುಚಿಕೊಂಡಳು, ಸಮಯ ಮುಗಿಯಿತು. ಒಂದು ಅಂಕದಿಂದ ನಾವು ಸೋತೆವು.

ಇಷ್ಟಕ್ಕೇ ಮುಗಿದಿದ್ದರೆ ತಾಯಿಯ ಆತುರ ಎಂದು ನಕ್ಕುಬಿಡಬಹುದಿತ್ತು. ನಾನು ನೇರ ಅಂಪೈರ್ ಬಳಿಗೆ ಹೋದೆ. "ಹಿಂದಿನವಳು ಖೋ ಕೊಟ್ಟಿದ್ದಳು, ನಾನೇ ಕೇಳಿದ್ದೇನೆ" ಎಂದೆ. ಅದು ಸುಳ್ಳು. ಮಕ್ಕಳಿಗೆ ನಿತ್ಯ ಸತ್ಯದ ಪಾಠ ಹೇಳುವ ನಾಲಿಗೆ, ಒಂದು ಅಂಕಕ್ಕಾಗಿ, ಅಷ್ಟು ಮಕ್ಕಳ ಮುಂದೆ ಆಡಿದ ಸುಳ್ಳು. ಅವರು ಏನೂ ಅನ್ನದೆ ತಲೆಯಾಡಿಸಿ ಪುಸ್ತಕದಲ್ಲಿ ಬರೆದುಕೊಂಡರು. ಗೆದ್ದ ತಂಡದ ಹುಡುಗಿಯೊಬ್ಬಳು ನನ್ನ ಮಗಳ ಕೈ ಕುಲುಕಲು ಬಂದಳು. ನಾನು ಮಗಳನ್ನು ಎಳೆದುಕೊಂಡು ಹೊರಟೆ. ಚಾಚಿದ ಆ ಕೈ ಹಾಗೆಯೇ ಉಳಿಯಿತು.

ಟಂಟಂನಲ್ಲಿ ಮನೆ ಮುಟ್ಟುವವರೆಗೂ ನಾನು ಆಟ ಬಿಡಿಸಿ ಹೇಳುತ್ತಲೇ ಇದ್ದೆ. ಹೀಗೆ ಮಾಡಬೇಕಿತ್ತು, ಹಾಗೆ ಮಾಡಬೇಕಿತ್ತು. ಅವಳು ಹೊರಗಿನ ಕಬ್ಬಿನ ಹೊಲ ನೋಡುತ್ತ ಕುಳಿತಿದ್ದಳು. ರಾತ್ರಿ ಮಲಗುವಾಗ ಗೋಡೆಯ ಕಡೆ ತಿರುಗಿ ಹೇಳಿದಳು: "ಅಮ್ಮಿ, ಮುಂದಿನ ಸಲ ನೀನು ಬರಬೇಡ. ನೀನಿದ್ದರೆ ನನಗೆ ಹಿಂದಿನವಳ ಖೋ ಕೇಳಿಸುವುದಿಲ್ಲ."

ಆ ರಾತ್ರಿ ನಿದ್ದೆ ಹತ್ತಲಿಲ್ಲ. ಮದ್ರಸಾದಲ್ಲಿ ಓದಿದ್ದ ಇನ್ನೊಂದು ಹದೀಸ್ ನೆನಪಾಯಿತು. ಬುಖಾರಿಯಲ್ಲಿರುವುದು. ಅಸ್ಲಮ್ ಗೋತ್ರದ ಕೆಲವರು ಬಿಲ್ಲು ಬಾಣಗಳ ಪಂದ್ಯದಲ್ಲಿ ತೊಡಗಿದ್ದಾಗ ಪ್ರವಾದಿವರ್ಯರು(ಸ) ಆ ದಾರಿಯಾಗಿ ಬಂದರು. ಅವರಿಗೆ ಪ್ರೋತ್ಸಾಹ ನೀಡಿ, ತಾವು ಇಂಥ ಪಕ್ಷದ ಕಡೆ ಎಂದರು. ಕೂಡಲೇ ಎದುರು ಪಕ್ಷದವರ ಕೈ ನಿಂತುಹೋಯಿತು. ಯಾಕೆಂದು ಕೇಳಿದಾಗ, ತಾವು ಅವರ ಕಡೆ ಇರುವಾಗ ನಾವು ಬಾಣ ಬಿಡುವುದು ಹೇಗೆ ಎಂದರು. ಆಗ ಪ್ರವಾದಿವರ್ಯರು(ಸ) ತಾವು ಎಲ್ಲರ ಜೊತೆಗೂ ಇರುವುದಾಗಿ ಹೇಳಿ ಆಟ ಮುಂದುವರಿಸಲು ಹೇಳಿದರು.

ಈ ಹದೀಸನ್ನು ನಾನು ಎಷ್ಟೋ ಸಲ ಪಾಠ ಮಾಡಿದ್ದೇನೆ. ಅದು ಮೈದಾನದ ಅಂಚಿನಲ್ಲಿ ನಿಂತ ಹಿರಿಯರಿಗೂ ಪಾಠ ಎಂದು ಅಂದೇ ನನಗೆ ಹೊಳೆದದ್ದು. ಅತ್ತೆಯ ಬಾಯಿ ಮುಚ್ಚಿಸುವ ಹದೀಸ್ ನನಗೆ ಚೆನ್ನಾಗಿ ನೆನಪಿತ್ತು, ನನ್ನ ಬಾಯಿಗೆ ಬೇಕಾದದ್ದು ಮರೆತಿತ್ತು. ಮಕ್ಕಳ ದೃಷ್ಟಿಯಲ್ಲಿ ನಮ್ಮ ಮಾತಿಗೆ ಎಷ್ಟು ತೂಕವಿದೆ ಎಂದು ನಮಗೇ ಗೊತ್ತಿರುವುದಿಲ್ಲ. ಪಕ್ಕದಲ್ಲಿ ನಿಂತವರ ಒಂದು ಮಾತಿಗೆ ಆಡುವವರ ಕೈ ನಿಲ್ಲಬಹುದು. ನನ್ನ ಒಂದು ಮಾತಿಗೆ ಆಡುವವಳ ಕಾಲು ಹೊತ್ತಿಗೆ ಮೊದಲೇ ಎದ್ದಿತು.

ಬೆಳಿಗ್ಗೆ ಮಗಳ ಬಳಿ ಕ್ಷಮೆ ಕೇಳಿದೆ. ಅವಳ ಶಾಲೆಗೆ ಹೋಗಿ ತಂಡದ ಹುಡುಗಿಯರ ಮುಂದೆಯೂ ತಪ್ಪು ನನ್ನದೆಂದು ಒಪ್ಪಿಕೊಂಡೆ. ಅವರ ಪಿ.ಟಿ. ಮೇಷ್ಟ್ರು ನಕ್ಕು, "ಆಟ ಅವ್ರು ಆಡ್ಲಿ ಬಿಡ್ರಿ ಟೀಚರ್. ನಾವು ನೀರು ಕೊಟ್ರ ಸಾಕು" ಎಂದರು. ಆದರೆ ಆ ಅಂಪೈರ್ ಯಾರೋ, ಯಾವ ಶಾಲೆಯವರೋ ನನಗೆ ತಿಳಿಯಲಿಲ್ಲ. ಕೈ ಚಾಚಿದ ಹುಡುಗಿಯೂ ಮತ್ತೆ ಸಿಗಲಿಲ್ಲ. ಆ ಎರಡು ಸಾಲ ನನ್ನ ಮೇಲೆ ಹಾಗೆಯೇ ಇವೆ.

ಆಮೇಲೆ ಕುಳಿತು ಲೆಕ್ಕ ಹಾಕಿದೆ. ಶಾಲೆಗಳ ಪಂದ್ಯ ಕ್ಲಸ್ಟರ್ ಮಟ್ಟದಿಂದ ಶುರುವಾಗಿ ತಾಲೂಕು, ಜಿಲ್ಲೆ, ವಿಭಾಗ ದಾಟಿ ರಾಜ್ಯ ಮಟ್ಟಕ್ಕೆ ಹೋಗುತ್ತದೆ. ಗೋಕಾಕ, ಮೂಡಲಗಿ, ಹುಕ್ಕೇರಿಗಳೆಲ್ಲ ಸೇರಿದ ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯಲ್ಲೇ ಆಡುವ ಮಕ್ಕಳೆಷ್ಟು! ಮೆಟ್ಟಿಲು ಹತ್ತಿದಂತೆಲ್ಲ ಹೆಚ್ಚಿನವರು ಕೆಳಗೇ ಉಳಿಯುತ್ತಾರೆ. ಆಟದ ಲೆಕ್ಕವೇ ಅದು. ಚೈತ್ರಾ ಅವರಂಥವರು ಏರಿದ್ದು ನಮಗೆಲ್ಲ ಹೆಮ್ಮೆ. ಆದರೆ ಉಳಿದ ಸಾವಿರಾರು ಮಕ್ಕಳ ಆಟ ವ್ಯರ್ಥವೇ? ಗಟ್ಟಿಯಾದ ಕಾಲು, ಸೋತರೂ ಅಳುವನ್ನು ನುಂಗಿ ಕೈ ಕುಲುಕುವ ಮನಸ್ಸು, ಬೇರೆ ಬೇರೆ ಓಣಿಗಳ ಗೆಳತಿಯರು, ಹಿಂದಿನವಳು ಕರೆಯುವವರೆಗೆ ಕಾಯುವ ತಾಳ್ಮೆ. ಇವು ಕಪಾಟಿನ ಮೇಲೆ ಇಡುವಂಥವಲ್ಲ, ಆದರೆ ಮದುವೆಯಾಗಿ ಎಲ್ಲಿಗೆ ಹೋದರೂ ಅವಳ ಜೊತೆ ಹೋಗುವಂಥವು.

ಈಗ ನಮ್ಮ ಮನೆಯಲ್ಲಿ ಕೆಲವು ಬದಲಾವಣೆಗಳಾಗಿವೆ. ಆಡಿ ಬಂದವಳಿಗೆ "ಗೆದ್ದಿರಾ?" ಎನ್ನುವುದಿಲ್ಲ. "ಇವತ್ತು ಯಾರು ಚೆನ್ನಾಗಿ ಆಡಿದರು?" ಎನ್ನುತ್ತೇನೆ. ಎಷ್ಟೋ ಸಲ ಅವಳು ಎದುರು ತಂಡದವಳ ಹೆಸರು ಹೇಳುತ್ತಾಳೆ. ದಾರಿಯಲ್ಲಿ ಆಟದ ತಪ್ಪು ತೆಗೆಯುವುದನ್ನು ಬಿಟ್ಟಿದ್ದೇನೆ. ತಿದ್ದಲು ಮೇಷ್ಟ್ರಿದ್ದಾರೆ. ಬಾದಾಮಿ ಈಗ ಆಡದ ತಮ್ಮನಿಗೂ ಉಂಟು. ಕರದಂಟಂತೂ ಮುಂದಿನ ಶುಕ್ರವಾರವೇ ಮನೆಗೆ ಬಂತು. "ಯಾಕಮ್ಮಿ, ನಾವು ಸೋತೆವಲ್ಲ?" ಎಂದಳು. "ತಿನ್ನಲು" ಎಂದೆ.

ಹಾಗೆಂದು ಮಕ್ಕಳ ಆಟದ ಕಡೆ ತಲೆ ಹಾಕಲೇಬಾರದು ಎಂದು ನಾನು ಹೇಳುತ್ತಿಲ್ಲ. "ನಮಗೆ ಅದೆಲ್ಲ ಗೊತ್ತಾಗುವುದಿಲ್ಲ" ಎಂದು ಒಮ್ಮೆಯೂ ಹೋಗದಿರುವ ತಾಯಂದಿರೂ ಇದ್ದಾರೆ. ಅವರ ಮಕ್ಕಳು ಆಟದ ನಡುವೆ ಗೇಟಿನ ಕಡೆ ನೋಡುವುದನ್ನು ನಾನು ಕಂಡಿದ್ದೇನೆ. ಹೋಗಿ. ಖಂಡಿತ ಹೋಗಿ. ಆದರೆ ಆಟದ ಮೆದುಳನ್ನು, ಕಾಲನ್ನು ಅವರ ಹತ್ತಿರವೇ ಬಿಡಿ.

ಹಿನ್ನೀರಿಗೆ ಹಕ್ಕಿಗಳು ಬರತೊಡಗಿದ ದಿನಗಳಲ್ಲಿ ಅವಳ ಶಾಲೆಯ ಅಂಗಳದಲ್ಲೇ ಪಕ್ಕದ ಊರಿನವರ ಜೊತೆ ಒಂದು ಸಣ್ಣ ಪಂದ್ಯವಿತ್ತು. ಕಪ್ ಇಲ್ಲ, ಪ್ರಮಾಣಪತ್ರ ಇಲ್ಲ. ಬರಬೇಡ ಎಂದಿದ್ದವಳೇ ಬೆಳಿಗ್ಗೆ ಸ್ಕಾರ್ಫ್‌ಗೆ ಪಿನ್ ಹಾಕಿಸಿಕೊಳ್ಳುತ್ತ, "ಬೇಕಾದರೆ ಬಾ ಅಮ್ಮಿ. ಆದರೆ ಹಗ್ಗದ ಹತ್ತಿರ ಅಲ್ಲ, ಬೇವಿನ ಮರದ ಕೆಳಗೆ ನಿಲ್ಲಬೇಕು" ಎಂದಳು. ನಿಂತೆ. ಎರಡು ಸಲ 'ಉಠ್' ಎಂಬ ಶಬ್ದ ಗಂಟಲವರೆಗೆ ಬಂತು, ಎರಡು ಸಲವೂ ನುಂಗಿದೆ. ಅವರು ಅಂದೂ ಸೋತರು. ಮುಗಿದ ಮೇಲೆ ಕೆಸರು ಬಳಿದುಕೊಂಡ ಎರಡೂ ಊರಿನ ಹುಡುಗಿಯರು ನನ್ನ ಕೊಡದ ಸುತ್ತ ಸೇರಿದರು. ಯಾರು ಯಾವ ತಂಡ ಎಂದು ನೋಡದೆ ಲೋಟಕ್ಕೆ ನೀರು ಹೊಯ್ದು ಕೊಡುತ್ತ ಹೋದೆ. ನನ್ನ ಮಗಳ ಸರದಿ ಕೊನೆಗೆ ಬಂತು. ಅವಳು ನಗುತ್ತಿದ್ದಳು.