ಬೆಲ್ಲದ ಬಣ್ಣ

ಮನುಷ್ಯನು ನಾಲಗೆಯಿಂದ ಉಣ್ಣುತ್ತಾನೆಂದು ನಾವೆಲ್ಲರೂ ನಂಬಿರುತ್ತೇವೆ. ವರ್ತಕನಾದರೋ ಹಾಗೆ ನಂಬುವುದಿಲ್ಲ. ಗಿರಾಕಿಯು ಮೊದಲು ಕಣ್ಣಿನಿಂದ ಉಣ್ಣುತ್ತಾನೆಂಬುದನ್ನು ಅವನು ಬಲ್ಲನು. ಮೂವತ್ತೈದು ವರ್ಷಕಾಲ ಸಂಸ್ಕೃತವನ್ನೂ ಕನ್ನಡವನ್ನೂ ಬೋಧಿಸಿ, ‘ರೂಪಕ್ಕೆ ಮರುಳಾಗಬೇಡಿರಿ, ಗುಣವನ್ನು ನೋಡಿರಿ’ ಎಂದು ಮಕ್ಕಳಿಗೆ ಸಾರಿದ ನಾನು ಈ ಸತ್ಯವನ್ನು ನನ್ನ ಶಿಷ್ಯನೊಬ್ಬನಿಂದಲೇ ಕಲಿಯಬೇಕಾಯಿತು. ವಾಚಕರಿಗೂ, ವಿಶೇಷವಾಗಿ ಗೃಹಿಣಿಯರಿಗೂ, ಉಪಯೋಗವಾದೀತೆಂದು ಆ ಪ್ರಸಂಗವನ್ನು ಇಲ್ಲಿ ನಿವೇದಿಸುತ್ತೇನೆ.

ನಮ್ಮ ಮನೆಗೆ ಬೆಲ್ಲ ತರುವ ಕೆಲಸ ಮೊದಲಿನಿಂದಲೂ ನನ್ನದು. ಅಂಗಡಿಯಲ್ಲಿ ಹೊನ್ನಿನ ಬಣ್ಣದ ಅಚ್ಚುಗಳನ್ನೇ ಆರಿಸಿ ತರುವುದು ನನ್ನ ಪದ್ಧತಿ. ಕಂದುಬಣ್ಣದ ಬೆಲ್ಲವನ್ನು ಯಾರಾದರೂ ತೋರಿಸಿದರೆ, ‘ಇದು ದನಗಳಿಗೆ ಇಡತಕ್ಕದ್ದಲ್ಲವೇನಪ್ಪ?’ ಎಂದುಬಿಡುತ್ತಿದ್ದೆನು. ಹಳದಿ ಎಂದರೆ ಶುದ್ಧ, ಕಪ್ಪು ಎಂದರೆ ಕೊಳಕು ಎಂಬುದೇ ನನ್ನ ಸಿದ್ಧಾಂತವಾಗಿತ್ತು.

ಕಳೆದ ಸಂಕ್ರಾಂತಿಯ ಸಮಯದಲ್ಲಿ ಮಂಡ್ಯದ ಸೀಮೆಯ ಒಂದು ಹಳ್ಳಿಗೆ ಹೋಗಿದ್ದೆನು. ಅಲ್ಲಿ ಆಲೆಮನೆ ನಡೆಸುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಆದರದಿಂದ ಕರೆದೊಯ್ದು, ಕಬ್ಬಿನ ಹಾಲು ಕುಡಿಸಿ, ಕೊಪ್ಪರಿಗೆಯ ಬಳಿ ಕೂರಿಸಿದನು. ಗಾಣದಿಂದ ಬಂದ ರಸ ಕುದಿಯುತ್ತಿತ್ತು. ರಸದ ಹುಳಿಯನ್ನು ತಗ್ಗಿಸಿ ಬೆಲ್ಲ ಗಟ್ಟಿಯಾಗಿ ಕೂಡುವಂತೆ ಸ್ವಲ್ಪ ಸುಣ್ಣದ ತಿಳಿಯನ್ನು ಹಾಕಿದರು. ಹಿಂದೆ ಬೆಂಡೆಯ ಗಿಡದ ಕಾಂಡವನ್ನು ಜಜ್ಜಿ ನೀರಿನಲ್ಲಿ ನೆನೆಸಿ, ಆ ಲೋಳೆಯನ್ನು ಕುದಿಯುವ ರಸಕ್ಕೆ ಹೊಯ್ಯುತ್ತಿದ್ದರಂತೆ. ರಸದೊಳಗಣ ಕಸವೆಲ್ಲ ಅದಕ್ಕೆ ಅಂಟಿ ನೊರೆಯಾಗಿ ಮೇಲೇಳುವುದು, ಅದನ್ನು ತೆಗೆದುಹಾಕುವುದು. ಇಷ್ಟರಲ್ಲಿ ಆಳೊಬ್ಬನು ಡಬ್ಬದಿಂದ ಬಿಳಿಯ ಪುಡಿಯೊಂದನ್ನು ತೆಗೆದು ಕೊಪ್ಪರಿಗೆಗೆ ಸುರಿದನು. ನೋಡುತ್ತಿದ್ದಂತೆಯೇ ಕಂದಿದ್ದ ಪಾಕವು ತಿಳಿಹಳದಿಗೆ ತಿರುಗಿತು.

‘ಇದೇನಪ್ಪ?’ ಎಂದೆನು.

‘ಹೈಡ್ರೋಸು, ಮೇಷ್ಟ್ರೆ. ಬಟ್ಟೆಗೆ ಬಣ್ಣ ಕಟ್ಟೋ ಕಡೆಯೂ ಇದನ್ನೇ ಬಳಸ್ತಾರೆ.’

ಸೋಡಿಯಂ ಹೈಡ್ರೋಸಲ್ಫೈಟ್ ಎಂಬುದು ಅದರ ಪೂರ್ಣನಾಮ. ಅದು ಕೊಳೆಯನ್ನು ತೆಗೆಯುವುದಿಲ್ಲ, ಬಣ್ಣವನ್ನು ಮಾತ್ರ ಅಡಗಿಸುತ್ತದೆ; ಬೆಲ್ಲದಲ್ಲಿ ಗಂಧಕದ ಅಂಶವನ್ನು ಉಳಿಸುತ್ತದೆ. ಅದು ಮಿತಿಮೀರಿದರೆ ಉಬ್ಬಸವುಳ್ಳ ಕೆಲವರಿಗೆ ಉಸಿರಾಟದ ತೊಂದರೆಯನ್ನು ಕೆರಳಿಸಬಲ್ಲದು. ಇಷ್ಟಾಗಿಯೂ ಆ ಹೊಂಬಣ್ಣ ಸ್ಥಿರವಲ್ಲ. ಗಾಳಿ ತಾಗಿ ದಿನಗಳೆದಂತೆ ಬೆಲ್ಲ ಮತ್ತೆ ಕಪ್ಪಾಗುತ್ತ ಬರುತ್ತದೆ.

ನಾನು ಸ್ವಲ್ಪ ಕಠಿಣವಾಗಿಯೇ, ‘ತಿನ್ನುವ ಪದಾರ್ಥಕ್ಕೆ ಇದನ್ನು ಬೆರಸಬಹುದೆ? ನಾನು ನಿನಗೆ ಕಲಿಸಿದ್ದು ಇದೇಯೇ?’ ಎಂದು ಕೇಳಿದೆನು.

ಅವನು ತಲೆ ತಗ್ಗಿಸಿ ಮೆಲ್ಲನೆ ಹೇಳಿದನು: ‘ತಪ್ಪು ತಿಳೀಬೇಡಿ ಮೇಷ್ಟ್ರೆ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ನಮ್ಮಪ್ಪ ನಿಮ್ಮ ಮನೆಗೆ ಎರಡು ಅಚ್ಚು ಬೆಲ್ಲ ತಂದುಕೊಟ್ಟಿದ್ದರು. “ಇಷ್ಟು ಕರ್ರಗಿದೆಯಲ್ಲ, ದನಕ್ಕೆ ಇಡೋದೆ?” ಅಂದಿರಿ. ನೀವೊಬ್ಬರೇ ಅಲ್ಲ, ಸಂತೇಲೂ ಹಾಗೇ ಅಂದರು, ಮಂಡೀಲೂ ಹಾಗೇ ಅಂದರು. ಎರಡು ವರ್ಷ ನಷ್ಟ ಆಯಿತು. ಮೂರನೇ ವರ್ಷ ಅಪ್ಪ ಈ ಡಬ್ಬ ತಂದರು.’

ನನಗೆ ಮಾತೇ ಹೊರಡಲಿಲ್ಲ. ಗುರುದಕ್ಷಿಣೆಯಂತೆ ತಂದಿತ್ತ ಶುದ್ಧ ಪದಾರ್ಥವನ್ನು ಹಳಿದವನು ನಾನು. ಈಗ ಧರ್ಮೋಪದೇಶಕ್ಕೆ ತೊಡಗಿದವನೂ ನಾನೇ.

ಇದು ಬೆಲ್ಲವೊಂದರ ಕಥೆಯಲ್ಲ. ೨೦೨೪ರ ಮಾರ್ಚಿಯಲ್ಲಿ ನಮ್ಮ ರಾಜ್ಯ ಸರ್ಕಾರವು ಗೋಬಿ ಮಂಚೂರಿಗೂ ಬೊಂಬಾಯಿ ಮಿಠಾಯಿಗೂ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಪರೀಕ್ಷೆಯಲ್ಲಿ ಕೆಲವು ಮಾದರಿಗಳಲ್ಲಿ ರೊಡಮೀನ್-ಬಿ ಎಂಬ ಬಟ್ಟೆಯ ಬಣ್ಣವೂ ದೊರಕಿತ್ತು. ಹೂಕೋಸಿಗೆ ಸ್ವಭಾವತಃ ಇಲ್ಲದ ಕೆಂಪನ್ನು ಬಯಸಿದವರಾರು? ನಾವೇ ಅಲ್ಲವೆ?

ಹಾಗೆಂದು ಹೊರಗಿನಿಂದ ಸೇರಿಸಿದುದೆಲ್ಲವೂ ವಿಷವೆನ್ನಲಾಗದು. ಮಿತವಾದ ಸುಣ್ಣವೂ ಬೆಂಡೆಯ ಲೋಳೆಯೂ ಸೇರಿಸಿದವುಗಳೇ. ಕಪ್ಪಾದುದೆಲ್ಲ ಶುದ್ಧವೆಂದೂ ಅಲ್ಲ. ಚೌಳುನೆಲದ ಕಬ್ಬಿನಿಂದಲೂ ಪಾಕ ಮಿತಿಮೀರಿ ಕಾದುದರಿಂದಲೂ ಬೆಲ್ಲ ಕಪ್ಪಾಗುವುದುಂಟು. ಆದುದರಿಂದ ಕಣ್ಣೊಂದನ್ನೇ ನಂಬದೆ ವಿಚಾರಿಸಿ ಕೊಳ್ಳಬೇಕು. ಪೊಟ್ಟಣದ ಪದಾರ್ಥವಾದರೆ ಅದರ ಹಿಂಬದಿಯನ್ನು ಓದಬೇಕು. ಯಾವುದು ತೂಕದಲ್ಲಿ ಹೆಚ್ಚೋ ಅದನ್ನು ಮೊದಲು ಬರೆಯಬೇಕೆಂಬುದು ನಿಯಮ. ಸಕ್ಕರೆಯ ಹೆಸರು ಮೊದಲಿದ್ದರೆ, ಮುಂಬದಿಯಲ್ಲಿ ಯಾವ ಧಾನ್ಯದ ಚಿತ್ರವಿದ್ದರೂ ಅದು ಸಕ್ಕರೆಯ ತಿಂಡಿಯೇ. ೧೦೨, ೧೧೦ ಎಂಬ ಸಂಖ್ಯೆಗಳು ಕಂಡರೆ ಅವು ಕೃತಕವಾದ ಹಳದಿ ಬಣ್ಣಗಳು. ಕಾನೂನು ಮಿತಿಯೊಳಗೆ ಒಪ್ಪಿದ್ದರೂ ಮಗುವಿನ ನಿತ್ಯದ ತಿಂಡಿಗೆ ಅವುಗಳ ಅಗತ್ಯವೇನು?

ಹೊರಡುವಾಗ, ‘ನಿನ್ನ ಮಕ್ಕಳು ತಿನ್ನುವುದು ಯಾವ ಬೆಲ್ಲ?’ ಎಂದು ಕೇಳಿದೆನು. ಅವನು ಮೂಲೆಯ ಮಡಕೆಯನ್ನು ತೋರಿಸಿದನು. ಒಳಗಿದ್ದುದು ಕಂದುಬಣ್ಣದ ಬೆಲ್ಲ. ಹಳದಿಯದರ ಬೆಲೆಯನ್ನೇ ಕೊಟ್ಟು ಹತ್ತು ಕಿಲೋ ಕೇಳಿದೆನು. ಅವನು ನಕ್ಕು, ‘ದುಡ್ಡಿರಲಿ ಮೇಷ್ಟ್ರೆ. ಬಣ್ಣ ನೋಡದೆ ಕೊಳ್ಳೋ ಹತ್ತು ಮನೆ ತೋರಿಸಿ. ಅಷ್ಟು ಮನೆಗೆ ಬೇಕಾದ ಕೊಪ್ಪರಿಗೆಗೆ ಪುಡಿ ಮುಟ್ಟಿಸೋದಿಲ್ಲ’ ಎಂದನು.

ಯುಗಾದಿಯ ದಿನ ಆ ಬೆಲ್ಲದಿಂದಲೇ ಪಾಯಸವಾಯಿತು. ಬಣ್ಣ ಕಂಡು ಮನೆಯವರು ಮೊದಲು ಮುಖ ಸಿಂಡರಿಸಿದರೂ, ಪಾಕವನ್ನು ಸೋಸಿ, ಹಾಲು ಒಡೆಯದಂತೆ ಪಾಯಸ ಆರಿದ ಮೇಲೆ ಬೆರಸಿದರು. ಉಂಡಮೇಲೆ ತಾವೇ ಎರಡನೆಯ ಸಲ ಬಡಿಸಿಕೊಂಡರು. ಅಂದಿನಿಂದ ಸಂಜೆಯ ಸಂಚಾರಕ್ಕೆ ಹೊರಟಾಗಲೆಲ್ಲ ಒಂದು ತುಣುಕನ್ನು ಕಾಗದದಲ್ಲಿ ಕಟ್ಟಿಕೊಂಡು ಬೀದಿಯವರಿಗೆ ರುಚಿ ತೋರಿಸುತ್ತಿದ್ದೇನೆ. ಮೂವತ್ತು ವರ್ಷಗಳ ಹಿಂದೆ ಆಡಿದ ಒಂದು ಮಾತಿನ ಸಾಲ ತೀರಬೇಕಲ್ಲ! ನಾಲ್ಕು ಮನೆಯವರು ಒಪ್ಪಿದ್ದಾರೆ. ಇನ್ನೂ ಆರು ಉಳಿದಿವೆ.