ನೀರು ಕಾಣುವ ಕೋಣೆ

ನಮ್ಮ ಇಂಡಿ, ಸಿಂದಗಿ, ಮುದ್ದೇಬಿಹಾಳದ ಕಡೆ ಪ್ರವಾಸ ಅಂದರೆ ದೇವರ ದರ್ಶನ. ಕೂಡಲಸಂಗಮ, ಬಸವನ ಬಾಗೇವಾಡಿ, ಪಂಢರಪುರ, ಶ್ರೀಶೈಲ. ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೋಗಿ, ಯಾತ್ರಿ ನಿವಾಸದಲ್ಲಿ ಮಲಗಿ, ಮರುದಿನ ಊರು ಸೇರಿದರೆ ಆಯಿತು. ರಾತ್ರಿಗೆ ಸಾವಿರಾರು ರೂಪಾಯಿ ಕೊಟ್ಟು, ಯಾವ ಗುಡಿಯೂ ಇಲ್ಲದ ಕಡೆ ಸುಮ್ಮನೆ ಕೂತು ಬರುವುದು ನಮ್ಮ ಮನೆಗಳಲ್ಲಿ ಇನ್ನೂ ರೂಢಿಯಾಗಿಲ್ಲ.

ಅವ್ವನಿಗೆ ಎಪ್ಪತ್ತು ತುಂಬಿತೆಂದು ಬೆಂಗಳೂರಿನಲ್ಲಿರುವ ತಮ್ಮ ಕಾಡಿನ ರೆಸಾರ್ಟಿನಲ್ಲಿ ಎರಡು ರಾತ್ರಿ, ಸಮುದ್ರದ ದಂಡೆಯಲ್ಲಿ ಎರಡು ರಾತ್ರಿ ಬುಕ್ ಮಾಡಿದ. ಬಾಡಿಗೆ ಕೇಳಿದ ಅವ್ವ, "ನಾಕ್ ದಿನ ಮಲಗಾಕ ಇಷ್ಟ್ ರೊಕ್ಕಾನ? ಒಂದ್ ಆಕಳಾ ಬರ್ತಿತ್ತಲ್ಲೋ!" ಅಂದಳು. ದುಡ್ಡು ವಾಪಸ್ ಬರುವುದಿಲ್ಲ ಅಂದ ಮೇಲೆಯೇ ಕಾರು ಹತ್ತಿದ್ದು.

ವಿಜಯಪುರ ದಾಟಿ ಹುಬ್ಬಳ್ಳಿ ಕಡೆ ಹೊರಟರೆ ಮೊದಲ ಚೆಲುವು ಕೊಲ್ಹಾರದ ಉದ್ದನೆಯ ಸೇತುವೆ. ಎರಡೂ ಕಡೆ ಕೃಷ್ಣೆ, ಕಣ್ಣು ಹಾಯುವಷ್ಟು ದೂರ ನೀರು. ಇದು ಆಲಮಟ್ಟಿ ಅಣೆಕಟ್ಟೆಯ ಹಿನ್ನೀರು. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಈ ಅಣೆಕಟ್ಟೆ 123 ಟಿಎಂಸಿ ನೀರು ಹಿಡಿಯುತ್ತದೆ. ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆ ಕಾಣುವ ನಮ್ಮ ಜಿಲ್ಲೆಗೆ ಈ ನೀರೇ ಆಧಾರ. ಮಣ್ಣಿನ ಗಡಿಗೆಯಲ್ಲಿ ಹೆಪ್ಪು ಹಾಕುವ ಕೊಲ್ಹಾರದ ಕೆನೆ ಮೊಸರು ಸವಿಯಲು ಎಲ್ಲರೂ ಇಲ್ಲಿ ಗಾಡಿ ನಿಲ್ಲಿಸುತ್ತಾರೆ. ನಾವೂ ನಿಲ್ಲಿಸಿದೆವು. ಅವ್ವ ಮಾತ್ರ ಮೊಸರು ಮುಟ್ಟಲಿಲ್ಲ. ಅವಳ ತವರು ಈ ನೀರಿನ ಕೆಳಗಿದೆ.

ಧಾರವಾಡ, ಹಳಿಯಾಳ ದಾಟಿದ ಮೇಲೆ ಬಯಲು ಮುಗಿದು ಕಾಡು ಶುರು. ದಾಂಡೇಲಿಯಿಂದ ಮುಂದೆ ಗಣೇಶಗುಡಿಯ ಸುತ್ತ, ಕಾಳಿ ನದಿಯ ಗುಂಟ ರೆಸಾರ್ಟುಗಳಿವೆ. ನಮ್ಮದು ಮರದ ಕಾಟೇಜು, ಮುಂದೆ ಜಗಲಿ, ಜಗಲಿಯಿಂದ ನೋಡಿದರೆ ಹಸಿರು ಗುಡ್ಡಗಳ ನಡುವೆ ನೀರು. ನೀರು ಕಾಣುವ ಕೋಣೆಗೆ ಬಾಡಿಗೆ ಬೇರೆ, ಅದೂ ಹೆಚ್ಚು. ಬಂದ ಕೂಡಲೇ ಉದ್ದನೆ ಗ್ಲಾಸಿನಲ್ಲಿ ಲಿಂಬೆ ಶರಬತ್ತು ಕೊಟ್ಟರು. ಅವ್ವ ಮೂಸಿ ನೋಡಿ, "ಇದು ನಮ್ ಇಂಡಿ ಲಿಂಬಿ ಅಲ್ಲ ಬಿಡು, ಘಮಾನ ಇಲ್ಲ" ಅಂದಳು. ಜಿಐ ಮಾನ್ಯತೆ ಪಡೆದ ಹಣ್ಣಿನ ಊರಿನವರು, ಅಷ್ಟು ಗತ್ತು ಇರಬೇಕಾದ್ದೇ!

ಬೆಳಿಗ್ಗೆ ಮಂಗಟ್ಟೆ ಹಕ್ಕಿಗಳು ರೆಕ್ಕೆ ಸದ್ದು ಮಾಡುತ್ತ ತಲೆ ಮೇಲೆ ಹಾರಿದವು. ಮಕ್ಕಳು ಕಾಳಿಯಲ್ಲಿ ರಾಫ್ಟಿಂಗ್‌ಗೆ ಹೋದರು. ಅಣೆಕಟ್ಟೆಯಿಂದ ನೀರು ಬಿಟ್ಟಾಗಷ್ಟೇ ಈ ಆಟ, ಅದಕ್ಕೇ ಮೊದಲೇ ಸಮಯ ಕೇಳಿಕೊಳ್ಳಬೇಕು. ನಾನು, ಅವ್ವ ಜಗಲಿಯಲ್ಲಿ ಉಳಿದೆವು. ಚಹಾ ತಂದ ಹುಡುಗನನ್ನು ಅವ್ವ ಕೇಳಿದಳು: "ಇದು ಕೆರಿ ಏನಪಾ ತಮ್ಮಾ?"

"ಅಲ್ಲ ಅಜ್ಜಿ, ಸೂಪಾ ಡ್ಯಾಮಿನ ನೀರು. ನಮ್ಮ ಅಜ್ಜನ ಊರು ಇದರ ಕೆಳಗೇ ಇತ್ತು."

ಅವ್ವ ಕಪ್ಪು ಕೆಳಗಿಟ್ಟಳು. "ಗುಡಿ?"

"ದೇವರನ್ನು ತಗೊಂಡು ಹೋದ್ರಂತೆ. ಗುಡಿ ಒಳಗೇ ಇದೆ."

"ನಮ್ದೂ ಹಂಗs," ಅಂದಳು.

ಆಮೇಲೆ ಅರ್ಧ ತಾಸು ಅವರಿಬ್ಬರದೇ ಮಾತು. ಸೂಪಾ ಮೊದಲು ತಾಲೂಕು ಊರು. 101 ಮೀಟರ್ ಎತ್ತರದ ಅಣೆಕಟ್ಟೆ ಎದ್ದಾಗ ಊರೇ ಮುಳುಗಿತು, ತಾಲೂಕು ಕಚೇರಿ ಜೋಯಿಡಾಕ್ಕೆ ಹೋಯಿತು, ಬಹಳ ಮನೆಯವರು ರಾಮನಗರಕ್ಕೆ ಹೋದರು. ನೀರಿನ ಲೆಕ್ಕದಲ್ಲಿ ಸೂಪಾ ನಮ್ಮ ಆಲಮಟ್ಟಿಗಿಂತ ದೊಡ್ಡದು. ಪರಿಹಾರ ಎಷ್ಟು ಬಂತು, ಹೊಸ ಊರಲ್ಲಿ ನೀರಿತ್ತೋ ಇಲ್ಲವೋ, ದನ ಏನು ಮಾಡಿದಿರಿ ಎಂದು ಅವ್ವ ಒಂದೊಂದೇ ಕೇಳಿದಳು. ಇಪ್ಪತ್ತು ವರ್ಷದಲ್ಲಿ ಈ ಪ್ರಶ್ನೆಗಳನ್ನು ನಾವ್ಯಾರೂ ಅವಳಿಗೆ ಕೇಳಿರಲಿಲ್ಲ. ಆವತ್ತು ಅವಳ ತವರಿನ ಬಗ್ಗೆ ನನಗೆ ತಿಳಿದಷ್ಟು ಹಿಂದೆಂದೂ ತಿಳಿದಿರಲಿಲ್ಲ.

ಮೂರನೇ ದಿನ ಅಣಶಿ ಘಾಟಿ ಇಳಿದು, ಕದ್ರಾ ದಾಟಿ ಕಾರವಾರ. ಅದೇ ಕಾಳಿ ಇಲ್ಲಿ ಸಮುದ್ರ ಸೇರುತ್ತದೆ. ದೋಣಿ ಹತ್ತಿ ಹೋಗುವ ದೇವಬಾಗದಲ್ಲಿ ಸರ್ಕಾರದ ಜಂಗಲ್ ಲಾಡ್ಜಸ್‌ನವರ ವಸತಿಯಿದೆ. ಕವಿ ಟ್ಯಾಗೋರರು ತರುಣರಾಗಿದ್ದಾಗ ಇಲ್ಲಿ ಜಡ್ಜ್ ಆಗಿದ್ದ ಅಣ್ಣನ ಮನೆಯಲ್ಲಿ ಬಂದು ಇದ್ದರು. ಊರ ದಂಡೆಗೆ ಈಗ ಅವರದೇ ಹೆಸರು.

ಸಮುದ್ರ ನೋಡಿ ಅವ್ವ ಏನನ್ನುತ್ತಾಳೋ ಎಂದು ಮಕ್ಕಳು ಮೊಬೈಲ್ ಹಿಡಿದು ಕಾದರು. ಅವಳು ಏನೂ ಅನ್ನಲಿಲ್ಲ. ಕಾಲು ತೋಯಿಸಿಕೊಂಡು ಬಂದು, ಬಿಸಿ ಬಿಸಿ ಇಡ್ಲಿ ಬಡಿಸಿದವನಿಗೆ "ನೀ ಉಂಡಿಯೇನಪಾ?" ಅಂದಳು. ಐವತ್ತು ವರ್ಷ ಒಲೆ ಮುಂದೆ ಕೂತು ಎಲ್ಲರಿಗೂ ರೊಟ್ಟಿ ಬಡಿದವಳು ನಾಲ್ಕು ದಿನ ಕೂತಲ್ಲೇ ಉಂಡಳು. ತಮ್ಮ ಕೊಟ್ಟ ದುಡ್ಡಿಗೆ ಇದಕ್ಕಿಂತ ದೊಡ್ಡ ಸುಖ ಯಾವುದೂ ಸಿಗಲಿಲ್ಲ ಎಂದು ನನಗನಿಸಿತು.

ವಾಪಸ್ ಬರುವಾಗ ಅಂಕೋಲಾದಿಂದ ಅರಬೈಲ್ ಘಾಟಿ, ಯಲ್ಲಾಪುರ, ಹುಬ್ಬಳ್ಳಿ. ಇದು ರಾಷ್ಟ್ರೀಯ ಹೆದ್ದಾರಿ 52. ನಮ್ಮ ಇಂಡಿ ತಾಲೂಕಿನ ಝಳಕಿ, ಹೊರ್ತಿ ಮುಂದೆ ಹಾಯುವ ರಸ್ತೆಯೂ ಇದೇ.

ಹೋಗುವವರಿಗೆ ನಾಲ್ಕು ಮಾತು. ಅಕ್ಟೋಬರ್‌ನಿಂದ ಫೆಬ್ರುವರಿ ಒಳ್ಳೆಯ ಕಾಲ. ಜೋರು ಮಳೆಗಾಲದಲ್ಲಿ ಅಣಶಿ, ಅರಬೈಲ್ ಎರಡೂ ಘಾಟಿಗಳಲ್ಲಿ ಗುಡ್ಡ ಕುಸಿಯುವುದುಂಟು. ಹಿರಿಯರಿದ್ದರೆ ಮೆಟ್ಟಿಲಿಲ್ಲದ ಕೋಣೆ ಕೇಳಿ ಪಡೆಯಿರಿ. ಕರಾವಳಿಯಲ್ಲಿ ಶಾಕಾಹಾರದ ಅಡುಗೆ ಬೇರೆ ಮಾಡುತ್ತಾರೋ ಹೇಗೆಂದು ಮೊದಲೇ ವಿಚಾರಿಸಿ. ಖಡಕ್ ರೊಟ್ಟಿ ಒಂದು ಗಂಟು ಇರಲಿ.

ಮತ್ತೊಂದು ಮಾತು. ಆಲಮಟ್ಟಿಯ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256ಕ್ಕೆ ಏರಿಸುವ ಯೋಜನೆಯಿದೆ. ಆಗ ಇನ್ನಷ್ಟು ಊರುಗಳು ಏಳಬೇಕು. ಚೆಂದದ ಹಿನ್ನೀರು ಎಲ್ಲೇ ಕಂಡರೂ ಅದರ ಕೆಳಗೆ ಏನಿತ್ತು ಎಂದು ಚಹಾ ತಂದವರನ್ನು ಒಮ್ಮೆ ಕೇಳಿ ನೋಡಿ. ನಮ್ಮ ಅವ್ವನಂಥವರು ಜೊತೆಗಿದ್ದರೆ ಅವರನ್ನೂ ಕೇಳಿ.

ಅವ್ವ ಈಗ ಆಕಳಿನ ಮಾತು ಬಿಟ್ಟಿದ್ದಾಳೆ. ಸಿಂದಗಿಯಲ್ಲಿರುವ ಚಿಕ್ಕವ್ವನದೂ ಅದೇ ತವರು. ಮುಂದಿನ ಸಲ ಅವಳನ್ನೂ ಕರಕೊಂಡು ಹೋಗಬೇಕಂತೆ.