ಬೆನ್ನು ಹತ್ತಿದ ಬೆನ್ನುನೋವು

ಮುಳ್ಳು ಚುಚ್ಚಿದರೆ ಕಾಲು ನೋಯುತ್ತದೆ; ಮುಳ್ಳು ತೆಗೆದರೆ ನೋವು ಹೋಗುತ್ತದೆ. ಹಲ್ಲು ಹುಳುಕಾದರೆ ಕನ್ನಡಿ ಹಿಡಿದು ನೋಡಬಹುದು. ಜ್ವರ ಅಳೆಯಲು ಥರ್ಮಾಮೀಟರ್ ಇದೆ. ಬೆನ್ನುನೋವಿನ ರೀತಿಯೇ ಬೇರೆ. ಅದು ಹೇಳದೆ ಕೇಳದೆ ಬರುತ್ತದೆ, ಎಷ್ಟೋ ಸಲ ಹೇಳದೆ ಕೇಳದೆ ಹೊರಟೂ ಹೋಗುತ್ತದೆ. ಯಾಕೆ ಬಂತು ಎಂದರೆ ಉತ್ತರವಿಲ್ಲ. ಕಾರಣ ಗೊತ್ತಿರುವ ದೊಡ್ಡ ನೋವನ್ನು ಹಲ್ಲುಕಚ್ಚಿ ಸಹಿಸುವ ಮನುಷ್ಯ, ಕಾರಣ ಗೊತ್ತಿಲ್ಲದ ಸಣ್ಣ ನೋವಿಗೆ ಕಂಗಾಲಾಗುತ್ತಾನೆ.

ಇಂಥವರ ಸಂಖ್ಯೆ ಚಿಕ್ಕದೇನಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2020ರಲ್ಲಿ ಪ್ರಪಂಚದಾದ್ಯಂತ 61.9 ಕೋಟಿ ಜನರಿಗೆ ಸೊಂಟನೋವಿತ್ತು. ಈ ಬಗೆಯ ನೋವಿರುವ ನೂರು ಮಂದಿಯಲ್ಲಿ ಸುಮಾರು ತೊಂಬತ್ತು ಮಂದಿಗೆ 'ಇದೇ ಕಾರಣ' ಎಂದು ಬೆರಳಿಟ್ಟು ತೋರಿಸಲು ಸಾಧ್ಯವಾಗುವುದಿಲ್ಲ. ವೈದ್ಯರು ಇದಕ್ಕೆ 'ನಿರ್ದಿಷ್ಟವಲ್ಲದ ಸೊಂಟನೋವು' ಎಂಬ ಹೆಸರಿಟ್ಟಿದ್ದಾರೆ. ಹೆಸರು ಪ್ರಾಮಾಣಿಕವಾಗಿದೆ. ಆದರೆ ಅದನ್ನು ಕೇಳಿಸಿಕೊಂಡು ಮನೆಗೆ ಬರುವವನಿಗೆ ಸಮಾಧಾನವಾಗುವುದಿಲ್ಲ.

ಹಾಸನದ ಒಂದು ಮನೆಯಲ್ಲಿ ಆದದ್ದೂ ಇದೇ. ಯಜಮಾನರಿಗೆ ನಲವತ್ತೆಂಟು ವರ್ಷ, ಸರ್ಕಾರಿ ಕಚೇರಿಯಲ್ಲಿ ಕೆಲಸ. ಒಂದು ಬೆಳಿಗ್ಗೆ ಸಂಪಿನಿಂದ ಬಕೆಟ್ ನೀರು ಎತ್ತುವಾಗ ಸೊಂಟ ಹಿಡಿದುಕೊಂಡಿತು. ಬಕೆಟ್ ಅಲ್ಲೇ ಉಳಿಯಿತು. ಅವರು ಗೋಡೆ ಹಿಡಿದು ಒಳಗೆ ಬಂದರು.

ಅಂದಿನಿಂದ ಕಾರಣದ ಹುಡುಕಾಟ ಶುರುವಾಯಿತು. "ನಡ ಉಳುಕಿದೆ ಕಣೋ, ಕಾಲು ಮುಂದಾಗಿ ಹುಟ್ಟಿದವರ ಕೈಲಿ ಒಂದು ಸಲ ತುಳಿಸ್ಕೊ" ಎಂದರು ತಾಯಿ. ಉಪ್ಪು ಹುರಿದು ಬಟ್ಟೆಗೆ ಕಟ್ಟಿ ಶಾಖವನ್ನೂ ಕೊಟ್ಟರು. ಪಕ್ಕದ ಮನೆಯವರು ಗ್ಯಾಸ್ ಎಂದರು. ಸಹೋದ್ಯೋಗಿಯೊಬ್ಬರು "ಮೊದಲು ಆ ಸ್ಕೂಟರ್ ಮಾರಿಬಿಡಿ ಸಾರ್" ಎಂದರು. ಹೆಂಡತಿಗೆ ಹಳೆಯ ಹಾಸಿಗೆಯ ಮೇಲೆ ಅನುಮಾನ. ಅವರಿಗೆ ಮಾತ್ರ ಡಿಸ್ಕ್ ಜಾರಿದೆ ಎಂಬ ಭಯ. ಹೀಗೆ ಬಕೆಟ್ಟು, ಸ್ಕೂಟರು, ಹಾಸಿಗೆ, ಗ್ಯಾಸು ಎಲ್ಲವೂ ಆರೋಪಿಗಳಾದವು. ಸಾಕ್ಷಿ ಮಾತ್ರ ಒಂದಕ್ಕೂ ಇರಲಿಲ್ಲ.

ಮೂಳೆ ತಜ್ಞರು ಬಾಗಿಸಿ, ಕಾಲೆತ್ತಿಸಿ, ಪಾದದ ಶಕ್ತಿ ನೋಡಿ ಪರೀಕ್ಷಿಸಿದರು. ಅವರು ಒತ್ತಾಯಿಸಿದ್ದರಿಂದ ಎಕ್ಸ್‌ರೇ ಕೂಡ ಆಯಿತು. ರಿಪೋರ್ಟ್‌ನಲ್ಲಿ 'ನಾರ್ಮಲ್' ಎಂದಿತ್ತು. "ಹಾಗಾದರೆ ಎಂ.ಆರ್.ಐ. ಮಾಡಿಸಲಾ ಡಾಕ್ಟ್ರೇ?" ಎಂದರು. "ಈಗ ಬೇಡ. ಮಾಡಿಸಿದರೆ ಏನಾದರೂ ಒಂದು ಕಂಡೇ ಕಾಣುತ್ತೆ. ಅದೇ ನೋವಿಗೆ ಕಾರಣ ಅನ್ನೋಕಾಗಲ್ಲ" ಎಂದರು ವೈದ್ಯರು.

ಆ ಮಾತಿನ ಹಿಂದೆ ನೂರು ವರ್ಷಗಳ ಕಥೆಯಿದೆ. 1895ರಲ್ಲಿ ರಾಂಟ್ಜೆನ್ ಕ್ಷ-ಕಿರಣಗಳನ್ನು ಕಂಡುಹಿಡಿದಾಗ, ಇನ್ನು ದೇಹದೊಳಗಿನ ಗುಟ್ಟೆಲ್ಲ ರಟ್ಟಾಯಿತು ಎಂದು ಜನ ಭಾವಿಸಿದ್ದರು. ಆದರೆ ಎಕ್ಸ್‌ರೇಯಲ್ಲಿ ಚೆನ್ನಾಗಿ ಕಾಣುವುದು ಮೂಳೆ. ಸ್ನಾಯುವಿನ ಸೆಳೆತವಾಗಲಿ ನರದ ಉರಿಯಾಗಲಿ ಅದರಲ್ಲಿ ಕಾಣದು. 1934ರಲ್ಲಿ ಅಮೆರಿಕದ ಮಿಕ್ಸ್ಟರ್ ಮತ್ತು ಬಾರ್ ಎಂಬ ವೈದ್ಯರು, ಬೆನ್ನುಮೂಳೆಯ ಮಣಿಗಳ ನಡುವಿನ ಡಿಸ್ಕ್ ಹೊರಚಾಚಿ ನರವನ್ನು ಒತ್ತಿದರೆ ಕಾಲಿಗೆ ಇಳಿಯುವ ನೋವು ಬರುತ್ತದೆಂದು ತೋರಿಸಿದರು. ಅದು ದೊಡ್ಡ ಶೋಧವೇ. ಆದರೆ ಆಮೇಲೆ ಯಾರ ಬೆನ್ನು ನೋಯಲಿ, ಜನರ ಬಾಯಲ್ಲಿ ಡಿಸ್ಕ್‌ನದೇ ತಪ್ಪಾಯಿತು.

ಇದಕ್ಕೆ ಕಡಿವಾಣ ಹಾಕಿದ್ದು 1994ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನ. ಬೆನ್ನುನೋವೇ ಇಲ್ಲದ 98 ಮಂದಿಯನ್ನು ಎಂ.ಆರ್.ಐ. ಯಂತ್ರದಲ್ಲಿ ಮಲಗಿಸಿ ನೋಡಿದರು. ಅವರಲ್ಲಿ ಶೇಕಡಾ 52ರಷ್ಟು ಜನರಿಗೆ ಕನಿಷ್ಠ ಒಂದು ಡಿಸ್ಕ್ ಉಬ್ಬಿತ್ತು. ಎಲ್ಲ ಡಿಸ್ಕ್‌ಗಳೂ ಸರಿಯಾಗಿದ್ದವರು ಶೇಕಡಾ 36 ಮಾತ್ರ! 2015ರಲ್ಲಿ ಇಂಥ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ, ನೋವಿಲ್ಲದ ಇಪ್ಪತ್ತರ ಹರೆಯದವರಲ್ಲೂ ಶೇಕಡಾ 37ರಷ್ಟು ಮಂದಿಗೆ ಡಿಸ್ಕ್ ಸವೆದ ಗುರುತುಗಳಿದ್ದುದು ಕಂಡಿತು. ತಲೆಗೂದಲು ನೆರೆಯುವಂತೆ ಡಿಸ್ಕ್ ಕೂಡ ವಯಸ್ಸಿನೊಂದಿಗೆ ಬದಲಾಗುತ್ತದೆ. ಚಿತ್ರದಲ್ಲಿ ಉಬ್ಬು ಕಂಡರೆ ನೋವಿದೆ ಎಂದಲ್ಲ. ಏನೂ ಕಾಣದಿದ್ದರೆ ನೋವಿಲ್ಲ ಎಂದೂ ಅಲ್ಲ.

ಈ ಎರಡನೆಯ ಮಾತು ಯಜಮಾನರಿಗೆ ಚೆನ್ನಾಗಿ ನಾಟಿದ್ದು ಕಚೇರಿಯಲ್ಲಿ. ರಜೆ ಕೇಳಲು ಹೋದಾಗ ಮೇಲಧಿಕಾರಿ ರಿಪೋರ್ಟ್ ತಿರುವಿ ನೋಡಿ, "ನಾರ್ಮಲ್ ಅಂತ ಇದೆಯಲ್ರೀ?" ಎಂದರು. ಮಾತಿನಲ್ಲಿ ಒರಟುತನವೇನಿರಲಿಲ್ಲ. ಆದರೂ ಅವರಿಗೆ ಮುಖಕ್ಕೆ ಹೊಡೆದಂತಾಯಿತು. ಕುರ್ಚಿಯಿಂದ ಏಳಲು ಮೇಜು ಹಿಡಿಯಬೇಕಾದ ಮನುಷ್ಯ ತನಗೆ ನೋವಿದೆ ಎಂದು ರುಜುವಾತು ಮಾಡುವುದಾದರೂ ಹೇಗೆ?

ಮನೆಗೆ ಬಂದು ಅದನ್ನು ಹೇಳಿಕೊಂಡಾಗ, ದ್ವಿತೀಯ ಪಿ.ಯು.ಸಿ. ಓದುತ್ತಿದ್ದ ಮಗಳು ಪುಸ್ತಕದಿಂದ ತಲೆಯೆತ್ತಿ, "ನಂದೂ ಹಂಗೇ ಅಲ್ವಾ ಅಪ್ಪ?" ಎಂದಳು. ಅಷ್ಟೇ. ಮತ್ತೆ ಪುಸ್ತಕಕ್ಕೆ ತಲೆ ಬಗ್ಗಿಸಿದಳು.

ಎರಡು ತಿಂಗಳಿನಿಂದ ಅವಳು ಬೆನ್ನುನೋವೆಂದು ಹೇಳುತ್ತಲೇ ಇದ್ದಳು. ಪ್ರತಿ ಸಲವೂ ಸಿಕ್ಕ ಉತ್ತರ ಒಂದೇ: "ಮೊಬೈಲ್ ಹಿಡಿದು ಕೂತಾಗ ನೋಯಲ್ವಾ? ಓದೋಕೆ ಕೂತರೆ ಮಾತ್ರ ನೋಯುತ್ತಾ?" ಹದಿನೇಳು ವರ್ಷದವರಿಗೆ ಎಲ್ಲಿಯ ಬೆನ್ನುನೋವು ಎಂಬುದು ಮನೆಯವರ ತೀರ್ಮಾನ. ಹಾಗೇನಿಲ್ಲ, ಹದಿಹರೆಯದವರಲ್ಲಿ ಬೆನ್ನುನೋವು ಸಾಮಾನ್ಯ. ನೆಪ ಎಂದು ತಳ್ಳಿಹಾಕಿದರೆ ಮಕ್ಕಳು ಹೇಳುವುದನ್ನು ಬಿಡುತ್ತಾರೆ, ನೋವು ಬಿಡುವುದಿಲ್ಲ. ಆ ರಾತ್ರಿ ತಂದೆ ಮಗಳನ್ನು ಮೊದಲ ಬಾರಿಗೆ ಕೇಳಿದರು: "ಎಲ್ಲಿ ನೋಯುತ್ತೆ ಪುಟ್ಟಿ? ಯಾವಾಗ ಜಾಸ್ತಿ?" ಮರುದಿನ ಅವಳನ್ನೂ ವೈದ್ಯರಿಗೆ ತೋರಿಸಿದರು. ಹೆದರುವಂಥದ್ದೇನೂ ಕಾಣಲಿಲ್ಲ.

ಕಾರಣ ಇಷ್ಟು ಸುಲಭವಾಗಿ ಏಕೆ ತಪ್ಪಿಸಿಕೊಳ್ಳುತ್ತದೆ? ಬೆನ್ನಿನ ರಚನೆಯನ್ನು ನೋಡಿದರೆ ಸ್ವಲ್ಪ ತಿಳಿಯುತ್ತದೆ. ಕತ್ತಿನಿಂದ ಸೊಂಟದವರೆಗೆ 24 ಬಿಡಿ ಮಣಿಗಳು, ಅವುಗಳ ನಡುವೆ ಡಿಸ್ಕ್‌ಗಳು, ಹಿಂದೆ ಪುಟ್ಟ ಕೀಲುಗಳು, ಸುತ್ತ ಅಸ್ಥಿರಜ್ಜುಗಳು, ಪದರ ಪದರವಾಗಿ ಸ್ನಾಯುಗಳು. ಇವುಗಳಲ್ಲಿ ಯಾವುದರಿಂದಲಾದರೂ ನೋವು ಹುಟ್ಟಬಹುದು. ಎಲ್ಲಿ ಹುಟ್ಟಿದರೂ ತಿಳಿಯುವುದು 'ಸೊಂಟ ನೋಯುತ್ತಿದೆ' ಎಂದು ಮಾತ್ರ.

ಬೆನ್ನಿನ ಮೇಲೆ ಬೀಳುವ ಹೊರೆಯನ್ನು ಪ್ರೌಢಶಾಲೆಯ ಸನ್ನೆಯ ಪಾಠದಿಂದಲೇ ಲೆಕ್ಕ ಹಾಕಬಹುದು. ಬೆನ್ನುಮೂಳೆ ಆಧಾರಬಿಂದು, ಅದರ ಹಿಂದೆ ಸುಮಾರು 5 ಸೆಂ.ಮೀ. ದೂರದಲ್ಲಿ ಸ್ನಾಯು ಎಳೆಯುತ್ತದೆ. 15 ಕಿಲೊ ತೂಕದ ಬಕೆಟ್ಟನ್ನು 40 ಸೆಂ.ಮೀ. ಮುಂದೆ ಹಿಡಿದರೆ, 15ನ್ನು 40ರಿಂದ ಗುಣಿಸಿ 5ರಿಂದ ಭಾಗಿಸಬೇಕು. ಸ್ನಾಯು 120 ಕಿಲೊ ಭಾರಕ್ಕೆ ಸಮನಾಗಿ ಎಳೆಯಬೇಕಾಯಿತು! ಮೈಗೆ ಹತ್ತಿರ, 20 ಸೆಂ.ಮೀ. ದೂರದಲ್ಲಿ ಹಿಡಿದರೆ ಅದು 60 ಕಿಲೊಗೆ ಇಳಿಯುತ್ತದೆ. ಹಾಗೆಂದು ಬಕೆಟ್ಟೇ ಅಪರಾಧಿ ಎನ್ನುವಂತಿಲ್ಲ. ಯಜಮಾನರು ಅದೇ ಬಕೆಟ್ಟನ್ನು ಹತ್ತು ವರ್ಷ ಎತ್ತಿದ್ದರು. ಆ ದಿನವೇ ಏಕೆ ಹಿಡಿದುಕೊಂಡಿತು ಎಂಬ ಪ್ರಶ್ನೆ ಉಳಿದೇ ಉಳಿಯುತ್ತದೆ.

ಇನ್ನೊಂದು ಸಂಗತಿಯೂ ಇದೆ. 1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಎಂಬ ವಿಜ್ಞಾನಿಗಳು ನೋವಿಗೊಂದು 'ಬಾಗಿಲು' ಇದೆ ಎಂಬ ಸಿದ್ಧಾಂತ ಮಂಡಿಸಿದರು. ನೋವಿನ ಸಂದೇಶ ಮಿದುಳಿಗೆ ಇದ್ದಂತೆಯೇ ತಲುಪುವುದಿಲ್ಲ. ಬೆನ್ನುಹುರಿಯಲ್ಲಿ ಅದು ಹೆಚ್ಚಲೂಬಹುದು, ತಗ್ಗಲೂಬಹುದು. ಮಿದುಳಿಗೂ ಅದರಲ್ಲಿ ಕೈಯಿದೆ ಎಂಬುದು ಅದರ ತಿರುಳು. ನಿದ್ದೆಗೇಡು, ಚಿಂತೆ, ಭಯ ಇವು ನೋವನ್ನು ಹೆಚ್ಚಿಸುತ್ತವೆ. ಇದರರ್ಥ ನೋವು ಮನಸ್ಸಿನ ಕಲ್ಪನೆ ಎಂದಲ್ಲ. ರೇಡಿಯೊದ ಹಾಡು ನಿಜವಾದದ್ದೇ. ಧ್ವನಿ ಹೆಚ್ಚು ಕಡಿಮೆ ಮಾಡುವ ಗುಂಡಿ ಬೇರೆ ಇದೆ, ಅಷ್ಟೆ.

ವೈದ್ಯರು ಮಲಗಲು ಹೇಳುತ್ತಾರೆಂದು ಯಜಮಾನರು ತಿಳಿದಿದ್ದರು. ಅವರು ಹೇಳಿದ್ದು ನಡೆಯಲು! ಸೊಂಟ ಹಿಡಿದರೆ ಅಲುಗಾಡದೆ ಮಲಗಬೇಕೆಂಬುದು ಹಳೆಯ ನಂಬಿಕೆ. ವೈದ್ಯರೂ ಒಂದು ಕಾಲದಲ್ಲಿ ಹಾಗೆಯೇ ಹೇಳುತ್ತಿದ್ದರು. ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ 186 ನಗರಸಭಾ ನೌಕರರನ್ನು ಮೂರು ಗುಂಪು ಮಾಡಿ ನಡೆಸಿದ ಪ್ರಯೋಗ 1995ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಎರಡು ದಿನ ಹಾಸಿಗೆ, ಇನ್ನೊಂದಕ್ಕೆ ವ್ಯಾಯಾಮ, ಮೂರನೆಯದಕ್ಕೆ ನೋವು ಬಿಟ್ಟಷ್ಟು ಎಂದಿನ ಕೆಲಸ. ಬೇಗ ಚೇತರಿಸಿಕೊಂಡವರು ಮೂರನೆಯವರು. ಎಲ್ಲರಿಗಿಂತ ನಿಧಾನವಾಗಿ ಚೇತರಿಸಿಕೊಂಡವರು ಮಲಗಿದವರು. ನೆಲದ ಮೇಲೆ ಮಲಗಿದರೆ ಒಳ್ಳೆಯದೆಂಬ ಮಾತಿಗೂ ಇಂಥದ್ದೇ ಗತಿಯಾಗಿದೆ. 2003ರಲ್ಲಿ ಪ್ರಕಟವಾದ, ಸ್ಪೇನಿನ 313 ಮಂದಿಯ ಅಧ್ಯಯನದಲ್ಲಿ ತೀರ ಗಟ್ಟಿ ಹಾಸಿಗೆಗಿಂತ ಮಧ್ಯಮ ಗಟ್ಟಿಯ ಹಾಸಿಗೆಯೇ ಹೆಚ್ಚು ಆರಾಮ ಕೊಟ್ಟಿತು. ಅಜ್ಜಿಯ ಉಪ್ಪಿನ ಶಾಖವನ್ನು ಮಾತ್ರ ವೈದ್ಯರು ಬೇಡ ಎನ್ನಲಿಲ್ಲ. ಚರ್ಮ ಸುಡದಂಥ ಹದವಾದ ಶಾಖ ಸ್ವಲ್ಪ ಹೊತ್ತು ನೋವು ತಗ್ಗಿಸುತ್ತದೆ. ತುಳಿಸಿಕೊಳ್ಳುವುದಕ್ಕೆ ಖಡಾಖಂಡಿತವಾಗಿ ಬೇಡ ಎಂದರು.

ಯಜಮಾನರು ಮೊದಲ ದಿನ ಬೀದಿಯ ಕೊನೆಯವರೆಗೆ, ವಾರ ಕಳೆಯುವಷ್ಟರಲ್ಲಿ ಮೈದಾನದವರೆಗೆ ನಡೆದರು. ಹೆಜ್ಜೆ ಇಡುವಾಗ ಏನೋ ಮುರಿದುಬಿಡುತ್ತದೆ ಎಂಬ ಹೆದರಿಕೆ ನೋವಿಗಿಂತ ಹೆಚ್ಚಾಗಿತ್ತು. ಏನೂ ಮುರಿಯಲಿಲ್ಲ. ಅಪ್ಪ, ಮಗಳು ಒಂದೊಂದು ನೋಟ್‌ಬುಕ್ ಇಟ್ಟರು. ಎಷ್ಟು ಹೊತ್ತು ಕೂತದ್ದು, ಎಷ್ಟು ನಡೆದದ್ದು, ಎಷ್ಟು ಗಂಟೆ ನಿದ್ದೆ, ಹತ್ತಕ್ಕೆ ಎಷ್ಟು ನೋವು ಎಂದು ದಿನವೂ ಬರೆದರು. ತಿಂಗಳ ನಂತರ ನೋಡಿದರೆ, ಎರಡು ಗಂಟೆ ಏಳದೆ ಕೂತ ದಿನಗಳಲ್ಲೂ ಕಿರುಪರೀಕ್ಷೆಯ ವಾರದಲ್ಲೂ ಮಗಳ ನೋವು ಹೆಚ್ಚಿತ್ತು. ತಂದೆಯ ಪುಟಗಳಲ್ಲಿ ಐದು ಗಂಟೆಗಿಂತ ಕಡಿಮೆ ನಿದ್ದೆಯ ರಾತ್ರಿಗಳ ಮರುದಿನ ನೋವು ಏರಿತ್ತು. ಮಗಳ ಸೀಟಿನ ಚಿಂತೆ, ಮನೆಸಾಲದ ಚಿಂತೆ ಆ ರಾತ್ರಿಗಳಲ್ಲಿದ್ದವು.

ಹಾಗಾದರೆ ಕಾರಣ ಸಿಕ್ಕಿತೇ? ಇಲ್ಲ. ಎರಡು ಸಂಗತಿಗಳು ಜೊತೆಯಲ್ಲಿ ಬಂದ ಮಾತ್ರಕ್ಕೆ ಒಂದು ಇನ್ನೊಂದರ ಕಾರಣವಾಗುವುದಿಲ್ಲ. ನಿದ್ದೆ ಕೆಟ್ಟು ನೋವು ಹೆಚ್ಚಿತೋ, ನೋವಿನಿಂದ ನಿದ್ದೆ ಕೆಟ್ಟಿತೋ ಹೇಳುವುದು ಕಷ್ಟ. ಆದರೆ ಏನನ್ನು ಬದಲಾಯಿಸಿ ನೋಡಬಹುದು ಎಂಬುದು ತಿಳಿಯಿತು. ಮಗಳು ಅರ್ಧ ಗಂಟೆಗೊಮ್ಮೆ ಎದ್ದು ಓಡಾಡಿದಳು, ಕೆಲವು ಪಾಠಗಳನ್ನು ನಿಂತೇ ಓದಿದಳು. ತಂದೆ ಸಂಜೆಯ ಕಾಫಿ ಬಿಟ್ಟು ಹತ್ತು ಗಂಟೆಗೆ ದೀಪ ಆರಿಸಿದರು. ಇಬ್ಬರೂ ಕೂಡಿ ನಡೆದರು. ಆರು ವಾರದಲ್ಲಿ ಇಬ್ಬರಿಗೂ ಬಹಳಷ್ಟು ಗುಣವಾಯಿತು. ಮೂರು ತಿಂಗಳ ಮೇಲೆ ತಂದೆಗೆ ಮತ್ತೊಮ್ಮೆ ಹಿಡಿದುಕೊಂಡಿತು. ಬೆನ್ನುನೋವು ಮರಳಿ ಬರುವುದು ಅಪರೂಪವಲ್ಲ. ಈ ಸಲ ಅವರು ಆರೋಪಿಗಳನ್ನು ಹುಡುಕಲಿಲ್ಲ. ಚಪ್ಪಲಿ ಮೆಟ್ಟಿ ನಿಧಾನವಾಗಿ ಮೈದಾನಕ್ಕೆ ಹೊರಟರು.

ಮಕ್ಕಳ ಬೆನ್ನುನೋವೆಂದರೆ ಎಲ್ಲರ ಕಣ್ಣು ಶಾಲೆಯ ಚೀಲದ ಮೇಲೆ. ಕರ್ನಾಟಕ ಸರ್ಕಾರ 2019ರಲ್ಲಿ ಹೊರಡಿಸಿದ ಆದೇಶದಂತೆ 9 ಮತ್ತು 10ನೇ ತರಗತಿಯ ಮಕ್ಕಳ ಚೀಲ 4ರಿಂದ 5 ಕಿಲೊ ಒಳಗಿರಬೇಕು. ಭಾರದ ಚೀಲ ಮಕ್ಕಳಿಗೆ ದಣಿವು. ಹೊರೆ ಇಳಿಸಲು ಬೇರೆ ಕಾರಣ ಬೇಕಿಲ್ಲ. ಆದರೆ ಹಲವು ಅಧ್ಯಯನಗಳನ್ನು ಪರಿಶೀಲಿಸಿ 2018ರಲ್ಲಿ ಪ್ರಕಟವಾದ ವರದಿಯಲ್ಲಿ, ಚೀಲದಿಂದಲೇ ಬೆನ್ನುನೋವು ಬರುತ್ತದೆ ಎನ್ನಲು ಗಟ್ಟಿ ಪುರಾವೆ ಸಿಗಲಿಲ್ಲ. ಆದ್ದರಿಂದ ಚೀಲ ಹಗುರ ಮಾಡಿದರೆ ಸಾಕೆಂದು ತಂದೆ ತಾಯಿ ಸುಮ್ಮನಾಗಬಾರದು. ಮಗು ಆಡುತ್ತದೆಯೇ, ಸಾಕಷ್ಟು ನಿದ್ದೆ ಮಾಡುತ್ತದೆಯೇ ಎಂದೂ ನೋಡಬೇಕು.

ಕೆಲವು ಗುರುತುಗಳಿದ್ದರೆ ಮಾತ್ರ ಕಾಯುವಂತಿಲ್ಲ. ಮೂತ್ರ, ಮಲದ ಹಿಡಿತ ತಪ್ಪುವುದು, ತೊಡೆಗಳ ಸಂದಿ ಮರಗಟ್ಟುವುದು, ಕಾಲಿನ ಶಕ್ತಿ ಕುಂದುವುದು – ಇವು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು, ಬಿದ್ದು ಪೆಟ್ಟಾದ ನಂತರದ ನೋವು ಇವಕ್ಕೂ ತಡಮಾಡದೆ ಪರೀಕ್ಷೆ ಬೇಕು. ಬೆನ್ನುಮೂಳೆಯ ಕ್ಷಯ ಭಾರತದಲ್ಲಿ ಇಂದಿಗೂ ಇದೆ. ಹದಿಹರೆಯದವರಲ್ಲಿ, ಯುವಕರಲ್ಲಿ ಬೆಳಗಿನ ಬಿಗಿತ ಅರ್ಧ ಗಂಟೆಗೂ ಮೀರಿ, ಓಡಾಡಿದ ಮೇಲೆ ಸಡಿಲವಾಗುತ್ತಿದ್ದು, ತಿಂಗಳುಗಟ್ಟಲೆ ಹಾಗೇ ಇದ್ದರೆ ಅದು ಕೀಲುಗಳ ಉರಿಯೂತವಿರಬಹುದು. ಚಿಕ್ಕ ಮಕ್ಕಳ ಬೆನ್ನುನೋವನ್ನಂತೂ ವೈದ್ಯರಿಗೆ ತೋರಿಸಲೇಬೇಕು.

ವಿದ್ಯಾರ್ಥಿಗಳಿಗೆ ಒಂದು ಸಣ್ಣ ಪ್ರಯೋಗ. ಬೆಳಿಗ್ಗೆ ಎದ್ದ ಕೂಡಲೇ ಗೋಡೆಗೆ ಬೆನ್ನು ಒತ್ತಿ ನಿಂತು, ತಲೆಯ ಮಟ್ಟಕ್ಕೆ ಪೆನ್ಸಿಲಿನಲ್ಲಿ ಗುರುತು ಹಾಕಿಸಿಕೊಳ್ಳಿ. ರಾತ್ರಿ ಮಲಗುವ ಮುನ್ನ ಅಲ್ಲೇ ಮತ್ತೆ ಅಳೆಯಿರಿ. ಸುಮಾರು 1ರಿಂದ 2 ಸೆಂ.ಮೀ. ಗಿಡ್ಡವಾಗಿರುತ್ತೀರಿ! ಹಗಲಿನ ಭಾರಕ್ಕೆ ಡಿಸ್ಕ್‌ಗಳಿಂದ ನೀರು ಹಿಂಡಿ ಹೋಗಿ, ರಾತ್ರಿ ಮಲಗಿದಾಗ ಮತ್ತೆ ತುಂಬಿಕೊಳ್ಳುತ್ತದೆ. ಬೆನ್ನು ಒಮ್ಮೆ ಕೆಟ್ಟರೆ ಮುಗಿಯಿತು ಎನ್ನುವ ಯಂತ್ರದ ಭಾಗವಲ್ಲ. ದಿನವೂ ತಗ್ಗಿ ದಿನವೂ ಚೇತರಿಸಿಕೊಳ್ಳುವ ಜೀವಂತ ಅಂಗ. ಆ ಗೋಡೆಯ ಗುರುತು ಹಾಕಲು ಅಪ್ಪನನ್ನೋ ಅಮ್ಮನನ್ನೋ ಕರೆಯಿರಿ. ಹಾಗೆಯೇ ಎಲ್ಲಾದರೂ ನೋಯುತ್ತಿದ್ದರೆ ಅದನ್ನೂ ಹೇಳಿಬಿಡಿ.